ಮುಖ ಕಾಣುವ ಮೊದಲೇ ಮಿದುಳು ಕಟ್ಟುವ ಊಹೆ

ಮುಖದ ಭಾವನೆಯನ್ನು ಗುರುತಿಸುವುದರಲ್ಲಿ ನಿರೀಕ್ಷೆಯ ಪಾತ್ರವೇನು ಅನ್ನುವ ಪಾಠ ಓದುವಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಹೆದರಿದ ಮುಖದ ಒಂದೇ ಫೋಟೋಗೆ ಮಿದುಳು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಪ್ರತಿಕ್ರಿಯೆ ಕೊಡಬಹುದು. ಫೋಟೋ ಅದೇ ಅಲ್ವಾ? ಮತ್ತೆ ಬದಲಾಗಿದ್ದೇನು? ನೋಡುವವರ ನಿರೀಕ್ಷೆ.

ಕಣ್ಣು ಕಳಿಸಿದ್ದನ್ನು ಮಿದುಳು ಸುಮ್ನೆ ಓದಿಕೊಳ್ಳುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನೋಡುವುದೂ ಒಂದು ಬಗೆಯ ಊಹೆ, ಅದು ನಮಗೆ ಗೊತ್ತಾಗದೆ ನಡೆಯುತ್ತದೆ ಎಂದು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದರು. 1999ರಲ್ಲಿ ವಿಜ್ಞಾನಿಗಳಾದ ರಾಜೇಶ್ ರಾವ್ ಮತ್ತು ಡಾನಾ ಬಲ್ಲಾರ್ಡ್ ಇಂಥದೇ ವಿಚಾರವನ್ನು ಲೆಕ್ಕದ ಮಾದರಿಯಾಗಿ ಮುಂದಿಟ್ಟರು. ಅದೇ ಪ್ರಿಡಿಕ್ಟಿವ್ ಕೋಡಿಂಗ್. ಮಿದುಳಿನ ಮೇಲಿನ ಹಂತ ಕೆಳಗಿನದಕ್ಕೆ ಊಹೆ ಕಳಿಸುತ್ತದೆ. ಕೆಳಗಿನದು ಊಹೆಗೂ ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಮೇಲೆ ಕಳಿಸುತ್ತದೆ. ನಗು ಬರುತ್ತದೆಂದು ಕಾದಾಗ ನಗುವೇ ಬಂದರೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಹೆದರಿಕೆ ಬಂದರೆ ಆ ವ್ಯತ್ಯಾಸವೇ ದೊಡ್ಡ ಸುದ್ದಿ.

2010ರಲ್ಲಿ ಎಗ್ನರ್ ಮತ್ತು ಜೊತೆಗಾರರು ಮಾಡಿದ ಎಫ್‌ಎಂಆರ್‌ಐ (ರಕ್ತದ ಹರಿವಿನ ಬದಲಾವಣೆಯಿಂದ ಮಿದುಳಿನ ಚಟುವಟಿಕೆ ಅಳೆಯುವ ಸ್ಕ್ಯಾನ್) ಪ್ರಯೋಗ ನನಗೆ ಬಹಳ ಇಷ್ಟ. ಅದರಲ್ಲಿ ಇದ್ದದ್ದು ಭಾವನೆಗಳಲ್ಲ, ಮುಖ ಮತ್ತು ಮನೆಯ ಚಿತ್ರಗಳು. ಆದರೂ ತತ್ವ ಇಲ್ಲೇ ಸ್ಪಷ್ಟವಾಗುತ್ತದೆ. ಚಿತ್ರದ ಸುತ್ತಲಿನ ಚೌಕಟ್ಟಿನ ಬಣ್ಣವೇ ಮುಖ ಬರುವ ಸಾಧ್ಯತೆಯ ಸುಳಿವು: ಶೇ. 25, 50 ಅಥವಾ 75. ಮಿದುಳಿನಲ್ಲಿ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುವ ಫ್ಯೂಸಿಫಾರ್ಮ್ ಎಂಬ ಭಾಗವನ್ನು ಗಮನಿಸಿದರು. ಮುಖದ ನಿರೀಕ್ಷೆ ಕಡಿಮೆ ಇದ್ದಾಗ ಮುಖಕ್ಕೂ ಮನೆಗೂ ಪ್ರತಿಕ್ರಿಯೆಯಲ್ಲಿ ದೊಡ್ಡ ಅಂತರ. ನಿರೀಕ್ಷೆ ಜಾಸ್ತಿ ಇದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ! ಬಂದದ್ದು ಮನೆಯಾದರೂ ಮುಖದ ನಿರೀಕ್ಷೆಯೇ ಆ ಭಾಗವನ್ನು ಎಬ್ಬಿಸಿತ್ತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಾವು ಅಳೆಯುವ ಪ್ರತಿಕ್ರಿಯೆಯಲ್ಲಿ ಊಹೆಯೂ ಇದೆ, ಊಹೆ ತಪ್ಪಿದ್ದರ ಸುಳಿವೂ ಇದೆ.

ಇನ್ನು ಭಾವನೆಗೆ ಬರೋಣ. ಅಚ್ಚರಿಯ ಮುಖ ಒಳ್ಳೆಯದಕ್ಕೂ ಇರಬಹುದು, ಕೆಟ್ಟದ್ದಕ್ಕೂ ಇರಬಹುದು. 2004ರಲ್ಲಿ ಕಿಮ್, ವೇಲನ್ ಮತ್ತಿತರರು ಇಂಥ ಮುಖಗಳ ಮೊದಲು ಒಂದು ವಾಕ್ಯ ತೋರಿಸಿದರು. 500 ಡಾಲರ್ ಕಳೆದುಕೊಂಡಳು ಎಂದು ಓದಿದ ಮೇಲೆ ಕಂಡ ಮುಖಕ್ಕೆ ಅಮಿಗ್ಡಲ, ಅಂದರೆ ಭಾವನೆಗಳಿಗೆ ಸ್ಪಂದಿಸುವ ಮಿದುಳಿನ ಒಂದು ಸಣ್ಣ ಭಾಗ, ಹೆಚ್ಚು ಸ್ಪಂದಿಸಿತು. 500 ಡಾಲರ್ ಸಿಕ್ಕಿತು ಎಂದು ಓದಿದಾಗ ಅಷ್ಟಿರಲಿಲ್ಲ. ಅಮಿಗ್ಡಲ ಅಂದರೆ ಬರೀ ಭಯದ ಗಂಟೆ ಅಂತ ಬರೆದುಕೊಂಡಿದ್ದರೆ ಆ ಸಾಲನ್ನು ತಿದ್ದಿಕೊಳ್ಳಿ.

ನಾನೂ ಬಹಳ ದಿನ ಗಮನ ಮತ್ತು ನಿರೀಕ್ಷೆ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಯಾವುದು ಬರುವ ಸಾಧ್ಯತೆ ಹೆಚ್ಚು ಅನ್ನುವುದು ನಿರೀಕ್ಷೆ. ಈಗಿನ ಕೆಲಸಕ್ಕೆ ಯಾವುದು ಮುಖ್ಯ ಅನ್ನುವುದು ಗಮನ. ಸಾಮಾನ್ಯವಾಗಿ ಗಮನ ಪ್ರತಿಕ್ರಿಯೆಯನ್ನು ಹೆಚ್ಚಿಸುತ್ತದೆ, ನಿರೀಕ್ಷಿಸಿದ್ದೇ ಬಂದರೆ ಅದು ತಗ್ಗುತ್ತದೆ. ಎರಡೂ ಬೆರೆತರೆ ಫಲಿತಾಂಶ ಗೋಜಲಾಗುತ್ತದೆ.

ಇನ್ನೊಂದು ತೊಡಕು, ಪುನರಾವರ್ತನೆ. 100 ಚಿತ್ರಗಳಲ್ಲಿ 80 ನಗುಮುಖ, 20 ಹೆದರಿದ ಮುಖ ಅಂದುಕೊಳ್ಳಿ. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ಇಇಜಿಯಲ್ಲಿ (ನೆತ್ತಿಯ ಮೇಲಿಂದ ಅಳೆಯುವ ಮಿದುಳಿನ ವಿದ್ಯುತ್ ಚಟುವಟಿಕೆ) ಎನ್170 ಎಂಬ ಅಲೆ ಕಾಣುತ್ತದೆ. ಹೆದರಿದ ಮುಖಕ್ಕೆ ಅದು ದೊಡ್ಡದಾಗಿ ಬಂದರೆ ನಿರೀಕ್ಷೆ ತಪ್ಪಿದ್ದಕ್ಕೋ, ನಗುಮುಖ ನೋಡಿ ನೋಡಿ ನರಕೋಶಗಳು ಒಗ್ಗಿಹೋಗಿದ್ದಕ್ಕೋ, ಅಥವಾ ಹೆದರಿಕೆಯ ಭಾವಕ್ಕೇ ಹಾಗೆ ಆಯಿತೋ? ಅದಕ್ಕೇ ಎರಡೂ ಭಾವಗಳನ್ನು ಸಮವಾಗಿ ತೋರಿಸಿ, ಪ್ರತಿ ಚಿತ್ರಕ್ಕೂ ಮೊದಲು ಬಣ್ಣದ ಸುಳಿವು ಕೊಟ್ಟು, ಆ ಸುಳಿವನ್ನು ಕೆಲವೊಮ್ಮೆ ಮಾತ್ರ ಸುಳ್ಳಾಗಿಸುತ್ತಾರೆ. ಆಗ ಹೆದರಿದ ಮುಖವನ್ನು ಹೆದರಿದ ಮುಖದ ಜೊತೆಗೇ ಹೋಲಿಸಬಹುದು: ಒಂದು ಕಾದಿದ್ದಾಗ ಬಂದದ್ದು, ಇನ್ನೊಂದು ಕಾಯದೆ ಬಂದದ್ದು.