ತೋಟದ ಮನೆ ಯಾರದು? ಎಂಟು ಗುಂಟೆಯ ಜಾಡು ಹಿಡಿದು

ಹಳೇ ಮೈಸೂರು ಸೀಮೆಯಲ್ಲಿ ತೋಟದ ಮನೆಗೆಂದೇ ಬೇರೆ ಕ್ರಯಪತ್ರ ಇರುವುದು ಅಪರೂಪ. ಊರೊಳಗಿನ ಮನೆಗೆ ಪಂಚಾಯ್ತಿಯಲ್ಲಿ ಖಾತೆ ಇರುತ್ತದೆ, ಅಳತೆ ಇರುತ್ತದೆ. ಜಮೀನಿನ ನಡುವಿನ ಮನೆಗೆ ಅದ್ಯಾವುದೂ ಇಲ್ಲ. ಹೊಲ ಯಾರ ಕೈಗೆ ಹೋಯಿತೋ ಮನೆಯೂ ಅವರ ಕೈಗೇ ಹೋಗಿದೆ ಎಂದು ಎಲ್ಲರೂ ನಂಬಿಕೊಂಡಿರುತ್ತಾರೆ. ಎಷ್ಟೋ ವ್ಯಾಜ್ಯ ಹುಟ್ಟುವುದು ಈ ನಂಬಿಕೆಯಿಂದಲೇ. ಹೊಲ ಒಬ್ಬರ ಹೆಸರಿಗೆ, ಮನೆಯಡಿಯ ಜಾಗ ಇನ್ನೊಬ್ಬರ ಹೆಸರಿಗೆ ಉಳಿದುಬಿಡುವುದಕ್ಕೆ ಬೇಕಾದಷ್ಟು ದಾರಿಗಳನ್ನು ನಮ್ಮ ಕಂದಾಯದ ಇತಿಹಾಸವೇ ತೆರೆದಿಟ್ಟಿದೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಸರ್ವೆ ನಂಬರ್ 45, ಒಟ್ಟು ವಿಸ್ತೀರ್ಣ 4 ಎಕರೆ 12 ಗುಂಟೆ. ಅದರಲ್ಲಿ ಖರಾಬು 8 ಗುಂಟೆ, ಉಳಿದ 4 ಎಕರೆ 4 ಗುಂಟೆಗೆ ಕಂದಾಯ. ಗುಂಟೆಗೆ 1,089 ಚದರಡಿಯಂತೆ ಆ ಎಂಟು ಗುಂಟೆ 8,712 ಚದರಡಿ ಆಗುತ್ತದೆ. ಮನೆ, ಕಣ, ಕೊಟ್ಟಿಗೆ ಕೂರುವುದಕ್ಕೆ ಸರಿಯಾದ ಜಾಗ. ಕಾಕತಾಳೀಯವಲ್ಲ ಇದು. ಮೂಲ ಸರ್ವೆಯಲ್ಲಿ ಬೇಸಾಯಕ್ಕೆ ಒದಗದ ನೆಲವನ್ನು ಖರಾಬು ಎಂದು ತೆಗೆದಿಟ್ಟು ಕಂದಾಯ ಬಿಟ್ಟರು. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮ ಇದನ್ನು ಎರಡಾಗಿ ಒಡೆಯುತ್ತದೆ. ಬಂಡೆ, ಹಳ್ಳದ ಜೊತೆಗೆ ಹಿಡುವಳಿದಾರನ ಸ್ವಂತ ಬೇಸಾಯದ ಕಟ್ಟಡ ಮತ್ತು ಕಣ ಇರುವುದು ‘ಅ’ ಖರಾಬು. ರಸ್ತೆ, ಕೆರೆ, ಕಾಲುವೆಯಂಥ ಸಾರ್ವಜನಿಕ ಬಳಕೆಯದು ‘ಬ’ ಖರಾಬು. ಮೊದಲನೆಯದು ಹಿಡುವಳಿಯ ಜೊತೆ ಸಾಗುತ್ತದೆ. ಎರಡನೆಯದನ್ನು ಮಾರುವ ಹಕ್ಕೇ ಯಾರಿಗೂ ಇಲ್ಲ. ಹಾಗಾಗಿ ಹಳೆಯ ತೋಟದ ಮನೆಯ ಒಡೆತನ ಹುಡುಕುವವರು ಮೊದಲು ನೋಡಬೇಕಾದ್ದು ಪಹಣಿಯ 9ನೇ ಕಾಲಂನ ಹೆಸರನ್ನಲ್ಲ, 3ನೇ ಕಾಲಂನ ಖರಾಬನ್ನು. ಆಮೇಲೆ ಹೆಸರು ಬದಲಾದ ಪ್ರತಿ ಸಲವೂ ಆ ಎಂಟು ಗುಂಟೆ ಎಲ್ಲಿ ಹೋಯಿತು ಎಂದು ಕೂಡಿ ಕಳೆದು ನೋಡುತ್ತ ಹಿಂದಕ್ಕೆ ನಡೆಯಬೇಕು.

ಹಿಂದಕ್ಕೆ ನಡೆಯುವ ದಾರಿ ಇರುವುದು 10ನೇ ಕಾಲಂನಲ್ಲಿ. ಖಾತೆದಾರನಿಗೆ ಜಮೀನು ಹೇಗೆ ಬಂತು ಎಂಬುದು ಅಲ್ಲಿ ‘ಎಂ.ಆರ್. 12/1985-86’ ಎಂಬಂಥ ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆಯಾಗಿ ಕೂತಿರುತ್ತದೆ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಆ ವಹಿಯ ನಕಲು ತೆಗೆಸಿದರೆ ಕ್ರಯವೋ, ವಿಭಾಗವೋ, ಪೌತಿಯೋ (ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಆದದ್ದೋ), ಯಾವ ದಸ್ತಾವೇಜಿನ ಆಧಾರದ ಮೇಲೆ ಎಂಬುದು ಗೊತ್ತಾಗುತ್ತದೆ. ‘ಭೂಮಿ’ ಗಣಕೀಕರಣದ ಪಹಣಿ 2000ದ ಆಸುಪಾಸಿನಿಂದ ಈಚೆಗಷ್ಟೇ ಸಿಗುತ್ತದೆ. ಅದಕ್ಕೆ ಹಿಂದೆ ಕೈಬರಹದ ಪಹಣಿ. ಇನ್ನೂ ಹಿಂದೆ ಹೋದರೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್, ಜಮೀನುಗಳ ಸೂಚಿ) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್, ಹಕ್ಕುದಾಖಲೆ) ವಹಿಗಳು. ಐ.ಎಲ್.ನಲ್ಲಿ ಸರ್ವೆ ನಂಬರ್ ಹಿಡಿದು ಆರ್.ಆರ್. ಸಂಖ್ಯೆ ಪತ್ತೆ ಮಾಡಿ, ಆ ಪುಟದಲ್ಲಿ ಹಕ್ಕುದಾರನ ಹೆಸರು, ಪಿತ್ರಾರ್ಜಿತವೋ ಕ್ರಯವೋ ಎಂಬುದನ್ನು ಓದಬೇಕು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಇಳಿಸುವಾಗ ಖರಾಬು ಬಿಟ್ಟುಹೋದದ್ದೂ ಉಂಟು, ‘ಅ’ ಹೋಗಿ ‘ಬ’ ಆದದ್ದೂ ಉಂಟು. ಒಂದಕ್ಷರದ ತಪ್ಪು, ಮನೆ ಸರ್ಕಾರಿ ಜಾಗದಲ್ಲಿ ನಿಂತಂತಾಗುತ್ತದೆ. 1999ರ ಹಿಂದಿನ ಪಹಣಿಯ ದೃಢೀಕೃತ ನಕಲು ಕೈಯಲ್ಲಿಲ್ಲದೆ ಇದನ್ನು ತಿದ್ದಿಸುವುದು ಬಹಳ ಕಷ್ಟ.

ಪಹಣಿ ಹಕ್ಕುಪತ್ರವಲ್ಲ ಎಂಬುದೂ ನೆನಪಿರಲಿ. ಅದರ ನಮೂದು ನಿಜವೆಂದು ಭೂಕಂದಾಯ ಕಾಯ್ದೆಯ 133ನೇ ಕಲಂ ಊಹಿಸುತ್ತದೆ, ಅದೂ ಬೇರೆಯದು ರುಜುವಾತಾಗುವ ತನಕ ಮಾತ್ರ. ಅದಕ್ಕೇ ಪ್ರತಿ ಮ್ಯುಟೇಷನ್ನಿನ ಹಿಂದಿರುವ ಪತ್ರವನ್ನೇ ತೆಗೆಸಬೇಕು. ಉಪನೋಂದಣಿ ಕಚೇರಿಯ ಋಣಭಾರ ಪತ್ರ (ಜನ ಹೇಳುವುದು ಇ.ಸಿ.) 1-4-2004ರಿಂದ ಈಚೆಗೆ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದರ ಹಿಂದಿನದಕ್ಕೆ ಕೈಬರಹದ ಸೂಚಿಗಳನ್ನೇ ಹುಡುಕಬೇಕು. ಅರ್ಜಿಯಲ್ಲಿ ಸರ್ವೆ ನಂಬರ್ ಬರೆಯುವಾಗ ಎಚ್ಚರ ಬೇಕು: 45, 45/2, 45/2ಬಿ, ಪೋಡಿ (ಅಳೆದು ಬೇರೆ ನಂಬರಾಗಿ ಒಡೆಯುವುದು) ಆದ ಮೇಲೆ ಬಂದ ಹೊಸ ನಂಬರ್ ಎಲ್ಲವನ್ನೂ ಬರೆಯದಿದ್ದರೆ ‘ಋಣಭಾರವಿಲ್ಲ’ ಎಂಬ ನಮೂನೆ 16 ಕೈಗೆ ಬರುತ್ತದೆ, ನೋಡಿದವರು ನಿರಾಳವಾಗುತ್ತಾರೆ. ವಹಿವಾಟು ಬೇರೆ ನಂಬರಿನಡಿ ದಾಖಲಾಗಿರುತ್ತದೆ, ಅಷ್ಟೇ. ಕಚೇರಿಗಳ ಸರಹದ್ದೂ ಕಾಲಕಾಲಕ್ಕೆ ಬದಲಾಗಿದೆ. 1950ರ ಸಂಪುಟ ಇವತ್ತಿನ ಕಚೇರಿಯಲ್ಲಿರದೆ ಅದು ಒಡೆದು ಬಂದ ಹಳೆಯ ಕಚೇರಿಯಲ್ಲಿ ಇರಬಹುದು.

ದಸ್ತಾವೇಜಿನ ಸಂಖ್ಯೆ ಗೊತ್ತಿಲ್ಲದಿದ್ದರೂ ದಾರಿ ಉಂಟು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೊದಲ ಸೂಚಿ ಹೆಸರಿನದು, ಎರಡನೆಯದು ಆಸ್ತಿಯದು. ಕೊಂಡವನ ಹೆಸರು ಹಿಡಿದು ಮ್ಯುಟೇಷನ್ ಆದ ವರ್ಷ ಮತ್ತು ಅದರ ಹಿಂದಿನ ಎರಡು ಮೂರು ವರ್ಷ ನೋಡಿದರೆ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಪುಟ ಹರಿದು, ಗೆದ್ದಲು ತಿಂದು ನಕಲು ಕೊಡಲಾಗದಿದ್ದರೆ ಹಾಗೆಂದು ಹಿಂಬರಹ ಬರೆಸಿಕೊಂಡೇ ಬನ್ನಿ. ಬಾಯಿಮಾತಿನ ‘ಇಲ್ಲ’ ನಾಳೆ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಳೆಯ ಕ್ರಯಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಮೇಲಿನ ಅರ್ಧ ‘ನಿಧಿ, ನಿಕ್ಷೇಪ, ಜಲ, ಪಾಷಾಣ’ ಎಂದು ಎಲ್ಲ ಪತ್ರಗಳಲ್ಲೂ ಒಂದೇ ಪಾಠ. ತಿರುಳಿರುವುದು ಷೆಡ್ಯೂಲಿನಲ್ಲಿ. ‘ಸ.ನಂ. 45ರ ಪೈಕಿ 2 ಎಕರೆ 2 ಗುಂಟೆ’ ಎಂದಷ್ಟೇ ಇದ್ದರೆ ಖರಾಬು ಸೇರಿದೆಯೋ ಇಲ್ಲವೋ ಅನುಮಾನ. ‘ಖರಾಬು ಸಹಿತ, ಇದರಲ್ಲಿರುವ ನಾಡಹೆಂಚಿನ ಮನೆ, ಬಾವಿ, ಮಾವು ಹಲಸು ಸಹ’ ಎಂದಿದ್ದರೆ ಗಟ್ಟಿ. ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಆ ಕಾಲದ ಐ.ಎಲ್.ಗೆ ಹೋಲಿಸಿ, ಪಕ್ಕದ ಜಮೀನುದಾರರ ಹೆಸರು ತಾಳೆಯಾಗುತ್ತದೆಯೇ ನೋಡಬೇಕು. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಚಕ್ಕುಬಂದಿಗೇ ಸಾಮಾನ್ಯವಾಗಿ ಹೆಚ್ಚು ತೂಕ. ಹೆಸರಿನಲ್ಲಿ ‘ಕ್ರಯ’ ಇದ್ದರೂ ಒಳಗೆ ‘ಇಂತಿಷ್ಟು ವರ್ಷದೊಳಗೆ ಹಣ ಹಿಂತಿರುಗಿಸಿದರೆ ಮರುಕ್ರಯ’ ಎಂಬ ಸಾಲಿದ್ದರೆ, ಅದು ಸಾಲಕ್ಕೆ ಕೊಟ್ಟ ಆಧಾರ ಇದ್ದೀತು. ಮರುಕ್ರಯ ಆಯಿತೇ ಎಂದು ಮುಂದಿನ ವರ್ಷಗಳ ಸೂಚಿಯನ್ನೂ ನೋಡಬೇಕಾಗುತ್ತದೆ.

ಇಲ್ಲಿಯ ತನಕದ್ದು ಪತ್ರದಿಂದ ಪತ್ರಕ್ಕೆ ಹೋಗುವ ಕೆಲಸ. ಒಂದು ಕಡೆ ಮಾತ್ರ ಸರಪಳಿ ಇದ್ದಕ್ಕಿದ್ದಂತೆ ಕಡಿದುಹೋಗುತ್ತದೆ. ಹಳಬ ಮಾರಿಲ್ಲ, ಹೊಸಬ ಕೊಂಡಿಲ್ಲ, ಆದರೂ ಖಾತೆ ಬದಲಾಗಿದೆ. ಇಂಥಲ್ಲಿ ಉಪನೋಂದಣಿ ಕಚೇರಿಯಲ್ಲಿ ಎಷ್ಟು ಹುಡುಕಿದರೂ ಏನೂ ಸಿಗದು, ಏಕೆಂದರೆ ಹಕ್ಕು ಬದಲಾದದ್ದು ಸರ್ಕಾರದ ಆದೇಶದಿಂದ. ಮೈಸೂರು ರಾಜ್ಯ 1954 ಮತ್ತು 1955ರ ಕಾಯ್ದೆಗಳಿಂದ ವೈಯಕ್ತಿಕ ಹಾಗೂ ಧಾರ್ಮಿಕ ಇನಾಂಗಳನ್ನು ರದ್ದು ಮಾಡಿತು. ಇನಾಂ ಊರಾದರೆ ಇನಾಂ ರದ್ದತಿಯ ವಿಶೇಷ ಜಿಲ್ಲಾಧಿಕಾರಿಯ ಆದೇಶವೇ ಮೂಲ ದಾಖಲೆ. ಅದಕ್ಕೆ ಹಿಂದಿನ ಇನಾಂದಾರನ ಕ್ರಯಪತ್ರ ಎಷ್ಟೇ ಚೆಂದವಿದ್ದರೂ ಅದು ಉಳುವವನ ಹಕ್ಕನ್ನು ದಾಟಿಸಿರಲಾರದು. ಶಾನುಭೋಗ, ಪಟೇಲ, ತೋಟಿ, ತಳವಾರರಿಗೆ ಸೇವೆಗಾಗಿ ಬಿಟ್ಟಿದ್ದ ಉಂಬಳಿ ಜಮೀನುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಗೆ ಬಂದವು. ಅದು ಜಾರಿಯಾದದ್ದು 1-2-1963ರಂದು. ಅಲ್ಲಿ ಹುಡುಕಬೇಕಾದ್ದು ರೀಗ್ರಾಂಟ್ (ಮರುಮಂಜೂರಾತಿ) ಆದೇಶ.

ತೋಟದ ಮನೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮುರಿವು 1-3-1974. ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಿಂದ ಗೇಣಿದಾರರ ಕೈಯಲ್ಲಿದ್ದ ಜಮೀನೆಲ್ಲ ಅಂದು ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಒಪ್ಪಿದ ಮೇಲೆ ನಮೂನೆ 10ರ ಅಧಿಭೋಗದ ಪತ್ರ ಪಡೆದರು. ಆದರೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಭೂಮಿ’ ಎಂದರೆ ಮನೆ ನಿವೇಶನ ಸೇರುವುದಿಲ್ಲ. ಒಡೆಯ ವಾಸವಿದ್ದ ಅಥವಾ ಫಸಲು ಕಾಯಲು ಇಟ್ಟುಕೊಂಡಿದ್ದ ತೋಟದ ಮನೆ ಆಗ ಯಾರ ಪಾಲಿಗೆ ಬಂತು? ಉತ್ತರ ನಮೂನೆ 10ರ ವಿಸ್ತೀರ್ಣದಲ್ಲಿದೆ. ನಮ್ಮ ಲೆಕ್ಕದಲ್ಲಿ 4 ಎಕರೆ 12 ಗುಂಟೆ ಎಂದಿದ್ದರೆ ಎಂಟು ಗುಂಟೆಯೂ ಗೇಣಿದಾರನಿಗೆ ಬಂದಂತೆ. 4 ಎಕರೆ 4 ಗುಂಟೆ ಎಂದಿದ್ದರೆ ಅಲ್ಲಿಗೇ ನಿಲ್ಲದೆ ನ್ಯಾಯಮಂಡಳಿಯ ಮೂಲ ಕಡತ ತೆಗೆಸಿ, ಸ್ಥಳ ಮಹಜರು, ನಕ್ಷೆ, ಒಡೆಯನ ಹೇಳಿಕೆಯಲ್ಲಿ ಮನೆಯ ಮಾತು ಬಂದಿದೆಯೇ ಓದಲೇಬೇಕು. ನ್ಯಾಯಮಂಡಳಿಯ ಅಂತಿಮ ಆದೇಶದ ದಿನದಿಂದ 15 ವರ್ಷ ಪರಭಾರೆ ಮಾಡುವಂತಿಲ್ಲ ಎಂದು 61ನೇ ಕಲಂ ಹೇಳುತ್ತದೆ. ಆ ಅವಧಿಯೊಳಗೆ ಆದ ಕ್ರಯ ಮುಂದಿನ ಪತ್ರಗಳನ್ನೆಲ್ಲ ಅಲುಗಾಡಿಸುತ್ತದೆ.

ಸಾಗುವಳಿ ಚೀಟಿಯಿಂದ, ಅಂದರೆ ಸರ್ಕಾರದ ಮಂಜೂರಾತಿಯಿಂದ ಬಂದ ಜಮೀನಾದರೆ ಮಂಜೂರಾತಿಯ ಷರತ್ತು ಓದಬೇಕು. ಮಂಜೂರಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1-1-1979ರಿಂದ ಜಾರಿಯಲ್ಲಿರುವ ಪಿ.ಟಿ.ಸಿ.ಎಲ್. ಕಾಯ್ದೆ (ಅವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ) ಅನ್ವಯವಾಗುತ್ತದೆ. ಷರತ್ತು ಮುರಿದ ಮಾರಾಟ ಹಳೆಯದಾದರೂ ಅನೂರ್ಜಿತ. ಸರ್ಕಾರದ ಪೂರ್ವಾನುಮತಿಯ ಆದೇಶ ಕಡತದಲ್ಲಿ ಇಲ್ಲದಿದ್ದರೆ ಮುಂದೆ ಹೋಗಬಾರದು. ಎಷ್ಟೋ ವರ್ಷವಾಯಿತಲ್ಲ ಎಂಬ ಸಮಾಧಾನವನ್ನು 2023ರ ತಿದ್ದುಪಡಿ ತೆಗೆದುಹಾಕಿದೆ.

ಇನ್ನು ಮನೆಮಂದಿಯ ಪಾಲುಪಾರಿಕತ್ತು. ತೊಟ್ಟಿಮನೆಗಳನ್ನು ಪಾಲು ಮಾಡುತ್ತಿದ್ದದ್ದು ಅಂಕಣದ (ಕಂಬದಿಂದ ಕಂಬಕ್ಕಿರುವ ಜಾಗದ) ಲೆಕ್ಕದಲ್ಲಿ: ಪಡುವಲ ಮೂರಂಕಣ ಹಿರಿಯನಿಗೆ, ಮೂಡಲ ಎರಡಂಕಣ ಮತ್ತು ಕೊಟ್ಟಿಗೆ ಕಿರಿಯನಿಗೆ, ತೊಟ್ಟಿ, ಬಾವಿ, ಕಣ, ಬಂಡಿದಾರಿ ಇಬ್ಬರಿಗೂ. ಪಹಣಿಗೆ ಅಂಕಣ ಅರ್ಥವಾಗುವುದಿಲ್ಲ. ಅದು 45/1ಕ್ಕೆ 2 ಎಕರೆ 2 ಗುಂಟೆ, 45/2ಕ್ಕೆ 2 ಎಕರೆ 2 ಗುಂಟೆ ಎಂದು ಬರೆದು, ಖರಾಬಿನ ಎಂಟು ಗುಂಟೆಯನ್ನು ಒಂದೇ ಹಿಸ್ಸೆಗೆ ಹಾಕಿ ಕೈತೊಳೆದುಕೊಂಡಿರುತ್ತದೆ. ಕಿರಿಯನ ಎರಡಂಕಣ ದಾಖಲೆಯಲ್ಲಿ ಅಣ್ಣನ ಹಿಸ್ಸೆಯೊಳಗೆ! ಪಾಲುಪಟ್ಟಿ ನೋಂದಣಿಯಾಗಿದೆಯೇ ಎಂಬುದು ಇಲ್ಲಿ ಮುಖ್ಯ. ಮೊದಲೇ ಆದ ವಿಭಾಗವನ್ನು ನೆನಪಿಗೆ ಬರೆದಿಟ್ಟ ಪಟ್ಟಿಗೆ ನೋಂದಣಿ ಬೇಡ. ಆ ಕಾಗದವೇ ವಿಭಾಗ ಮಾಡುತ್ತದೆ ಎಂದಾದರೆ ನೋಂದಣಿ ಇಲ್ಲದೆ ಅದು ಹಕ್ಕನ್ನು ರುಜುವಾತು ಮಾಡುವುದಿಲ್ಲ. ವಂಶವೃಕ್ಷವನ್ನು ಪತ್ರದ ಸಹಿಗಳ ಪಕ್ಕ ಇಟ್ಟು ಯಾರ ಸಹಿ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಅಂದು ಅಪ್ರಾಪ್ತರಾಗಿದ್ದವರು ಯಾರು, ಹೆಣ್ಣುಮಕ್ಕಳು ಯಾರು? ಹೆಣ್ಣುಮಕ್ಕಳಿಗೂ ಪಾಲು ಕೊಡುವಂತೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮಾಡಿದ ಕರ್ನಾಟಕದ ತಿದ್ದುಪಡಿ 30-7-1994ಕ್ಕೆ, ಕೇಂದ್ರದ್ದು 9-9-2005ಕ್ಕೆ ಜಾರಿಯಾದವು. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ವಿಭಾಗಕ್ಕೆ ಕೇಂದ್ರ ಕಾಯ್ದೆಯ ರಕ್ಷಣೆ ಇರುವುದು ಅದು 20-12-2004ಕ್ಕೆ ಮುಂಚೆ ನೋಂದಣಿ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿದ್ದರೆ.

ಕಾಗದದ ಕೆಲಸ ಮುಗಿದ ಮೇಲೆ ನೆಲದ ಮೇಲಿನ ಕೆಲಸ. ಭೂಮಾಪನ ಇಲಾಖೆಯಿಂದ ಮೂಲ ಟಿಪ್ಪಣಿ (ಸರ್ವೆಯ ಅಳತೆಯ ನಕಾಶೆ), ಹಿಸ್ಸಾ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ತೆಗೆಸಿ. ಹಳೆಯ ಟಿಪ್ಪಣಿಯಲ್ಲಿ ಅಳತೆ ಚೈನು ಮತ್ತು ಆಣೆಯಲ್ಲಿರುತ್ತದೆ: 33 ಅಡಿಗೆ ಒಂದು ಚೈನು, ಅದರಲ್ಲಿ 16 ಆಣೆ. ಖರಾಬನ್ನು ಟಿಪ್ಪಣಿಯಲ್ಲಿ ಗುರುತಿಸಿದ್ದರೆ ಮನೆ ಅದರೊಳಗೆ ಕೂತಿದೆಯೇ, ಪಕ್ಕದ ಹಿಸ್ಸೆಗೆ ಚಾಚಿದೆಯೇ ಎಂದು ಅಳೆಯಬಹುದು. ಪಹಣಿಯಲ್ಲಿ ಇನ್ನೂ ‘45/ಪಿ2’ ಎಂಬಂಥ ಪೈಕಿ ನಂಬರ್ ಇದ್ದರೆ ಗಡಿಯೇ ನಿಗದಿಯಾಗಿಲ್ಲ ಎಂದರ್ಥ. ಪೋಡಿ ದುರಸ್ತಿ ಆಗದೆ ಮನೆ ಯಾರ ಭಾಗದಲ್ಲಿದೆ ಎಂದು ಯಾವ ಸರ್ವೇಯರೂ ಬರೆದುಕೊಡಲಾರ. ದುರಸ್ತಿಯ ಅರ್ಜಿಯ ಜೊತೆ ಮನೆಯ ಹೆಸರೆತ್ತಿದ ಪತ್ರಗಳ ನಕಲನ್ನೂ ಲಗತ್ತಿಸಿ, ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ನೋಟಿಸ್ ಇಲ್ಲದೆ ಮಾಡಿದ ಅಳತೆ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ.