ಶಾರ್ಪನಿಂಗ್ ಆಮೇಲೆ, ಮೊದಲು ಗ್ರೇನ್ ನೋಡಿ

ಸ್ಕ್ಯಾನ್ ಮಾಡಿದ ನೆಗೆಟಿವ್‌ನ ಪ್ರಿಂಟ್ ಮಸುಕಾಗಿ ಬಂದರೆ ಹೆಚ್ಚಿನವರು ನೇರವಾಗಿ ಚಿತ್ರದ ಅಂಚುಗಳನ್ನು ಹರಿತಗೊಳಿಸುವ ಶಾರ್ಪನಿಂಗ್ ಸ್ಲೈಡರ್‌ಗೆ ಕೈ ಹಾಕುತ್ತಾರೆ. ಅದಕ್ಕೂ ಮುಂಚೆ ಫೈಲನ್ನು ಶೇ. 100ಕ್ಕೆ ಹಿಗ್ಗಿಸಿ ಗ್ರೇನ್, ಅಂದರೆ ಫಿಲ್ಮ್‌ನಲ್ಲಿ ಚಿತ್ರ ಮೂಡಿಸಿರುವ ಸಣ್ಣ ಕಣಗಳನ್ನು ನೋಡಿ. ಗ್ರೇನ್ ಮರಳಿನಂತೆ ಬಿಡಿಬಿಡಿಯಾಗಿದ್ದು ಮುಖ ಮಾತ್ರ ಮಸುಕಾಗಿದ್ದರೆ, ತೆಗೆಯುವಾಗಲೇ ಫೋಕಸ್ ತಪ್ಪಿದೆ ಅಥವಾ ಕೈ ಅಲುಗಿದೆ. ಗ್ರೇನೇ ಕದಡಿದಂತಿದ್ದರೆ ದೋಷ ಸ್ಕ್ಯಾನಿಂಗ್‌ನದು. ಗ್ರೇನ್ ತೀರಾ ನಯವಾಗಿರುವ ಫಿಲ್ಮ್ ಆದರೆ ಒಂದು ಗೀರಿನ ಅಂಚನ್ನು ನೋಡಿದರೆ ಸಾಕು.

ಫ್ಲ್ಯಾಟ್‌ಬೆಡ್‌ನಲ್ಲಿ (ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡುವ ಚಪ್ಪಟೆ ಸ್ಕ್ಯಾನರ್) ಎಲ್ಲವೂ ಫಿಲ್ಮ್ ಹಿಡಿದಿಡುವ ಹೋಲ್ಡರ್‌ನ ಎತ್ತರದ ಮೇಲೆ ನಿಂತಿದೆ. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಫೋಕಸ್ ಜಾರುತ್ತದೆ. ಸ್ಕ್ಯಾನರ್‌ನ ಶಾರ್ಪನಿಂಗ್ ಆಫ್ ಮಾಡಿ, ಹೋಲ್ಡರ್‌ನ ನಾಲ್ಕೂ ಮೂಲೆಗೆ ತೆಳು ರಟ್ಟಿನ ಚೂರುಗಳನ್ನಿಟ್ಟು ಅರ್ಧರ್ಧ ಮಿಲಿಮೀಟರ್ ಏರಿಸುತ್ತಾ ಒಂದೇ ಫ್ರೇಮನ್ನು ಐದು ಸಲ ಸ್ಕ್ಯಾನ್ ಮಾಡಿ, ಹೋಲಿಸಿ. ಒಮ್ಮೆ ಪಟ್ಟ ಈ ಶ್ರಮ ಆ ಹೋಲ್ಡರ್ ಇರುವವರೆಗೂ ಉಪಯೋಗಕ್ಕೆ ಬರುತ್ತದೆ.

ನಡು ಚೆನ್ನಾಗಿದ್ದು ಅಂಚು ಮಸುಕಾದರೆ ಫಿಲ್ಮ್ ಬಾಗಿದೆ ಎಂದರ್ಥ. ಕವರಿನಲ್ಲಿಟ್ಟು ದಪ್ಪ ಪುಸ್ತಕಗಳ ಅಡಿ ಒಂದೆರಡು ದಿನ ಇಡಿ. ಗಾಜಿನಿಂದ ಒತ್ತುವುದಾದರೆ ಮೇಲ್ಮೈ ತುಸು ತರಿಯಾಗಿರುವ ಆ್ಯಂಟಿ-ನ್ಯೂಟನ್ ಗಾಜೇ ಬೇಕು. ಫಿಲ್ಮ್‌ನ ಹೊಳಪಿನ ಬದಿಗೆ ಸಾದಾ ಗಾಜು ತಾಗಿದರೆ ಬಣ್ಣದ ಉಂಗುರಗಳು ಏಳುತ್ತವೆ.

ಬೆಳ್ಳಿಯ ಕಪ್ಪು-ಬಿಳುಪು ಫಿಲ್ಮ್‌ಗೆ ಸ್ಕ್ಯಾನರ್‌ನ ಇನ್‌ಫ್ರಾರೆಡ್ ಧೂಳು ನಿವಾರಣೆ (ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದನ್ನೆಲ್ಲ ಧೂಳೆಂದು ಅಳಿಸುವ ಸೌಲಭ್ಯ) ಹಾಕಲೇಬೇಡಿ. ಬೆಳ್ಳಿಯೂ ಇನ್‌ಫ್ರಾರೆಡ್ ತಡೆಯುವುದರಿಂದ ತಂತ್ರಾಂಶ ಚಿತ್ರವನ್ನೇ ಧೂಳೆಂದು ತಿಳಿದು ಒರೆಸಿಬಿಡುತ್ತದೆ.

ಪೆಟ್ಟಿಗೆಯ ಮೇಲೆ 6400 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಎಂದಿದ್ದರೂ ಫ್ಲ್ಯಾಟ್‌ಬೆಡ್‌ನಿಂದ ನಿಜವಾಗಿ ಸಿಗುವ ವಿವರ ಅದರ ಅರ್ಧಕ್ಕಿಂತ ಕಡಿಮೆ ಇರಬಹುದು. ಉಳಿದದ್ದು ಫೈಲಿನ ತೂಕ ಅಷ್ಟೇ. 24×36 ಮಿ.ಮೀ. ಫ್ರೇಮ್‌ಗೆ ನಿಜವಾದ 2400 ಪಿಪಿಐ ದಕ್ಕಿದರೆ ಸುಮಾರು 3400×2270 ಪಿಕ್ಸೆಲ್, ಅಂದರೆ 300 ಪಿಪಿಐನಲ್ಲಿ ಸುಮಾರು 11×7.5 ಇಂಚು. 18×12 ಇಂಚು ಬೇಕಿದ್ದರೆ ನಿಜವಾಗಿ 4000 ಕೊಡುವ ಫಿಲ್ಮ್ ಸ್ಕ್ಯಾನರ್ ಹುಡುಕಬೇಕು.

ಶಾರ್ಪನಿಂಗ್ ಕೊನೆಯ ಕೆಲಸ, ಪ್ರಿಂಟಿನ ಅಳತೆಗೆ ತಂದ ಮೇಲೆಯೇ. ಅನ್‌ಶಾರ್ಪ್ ಮಾಸ್ಕ್ ಎಂಬ ಶಾರ್ಪನಿಂಗ್ ಫಿಲ್ಟರ್‌ನಲ್ಲಿ ರೇಡಿಯಸ್ 1 ಪಿಕ್ಸೆಲ್ ಆಸುಪಾಸು, ಅಮೌಂಟ್ 100ರಿಂದ 150, ಥ್ರೆಶೋಲ್ಡ್ 3ರಿಂದ 5 ಇಟ್ಟು ಶುರುಮಾಡಿ. ಥ್ರೆಶೋಲ್ಡ್ ಸೊನ್ನೆಯಾದರೆ ಆಕಾಶದ ಗ್ರೇನೂ ಎದ್ದು ಕೂರುತ್ತದೆ. ಮ್ಯಾಟ್ ಕಾಗದ ಇಂಕನ್ನು ಹೀರಿ ಹರಡಿಸುವುದರಿಂದ ಅದಕ್ಕೆ ತೆರೆಯ ಮೇಲೆ ತುಸು ಅತಿಯೆನಿಸುವಷ್ಟು ಬೇಕು. ಹೊಳಪಿನ ಗ್ಲಾಸಿ ಕಾಗದಕ್ಕೆ ಅಷ್ಟು ಬೇಡ. ಪೂರ್ತಿ ಹಾಳೆ ಹಾಕುವ ಮುನ್ನ ಕಣ್ಣು, ಕೂದಲು ಇರುವ ಭಾಗವನ್ನಷ್ಟೇ ಕೊನೆಯ ಅಳತೆಯಲ್ಲೇ ಸಣ್ಣ ಪಟ್ಟಿಯಾಗಿ ಪ್ರಿಂಟ್ ಮಾಡಿ, ಇಂಕ್ ಒಣಗಿದ ಮೇಲೆ ಒಳ್ಳೆಯ ಬೆಳಕಿನಲ್ಲಿ ನೋಡಿ.