ಸಿಗಂದೂರು ಸೇತುವೆಗೆ ಅಷ್ಟು ವರ್ಷ ಯಾಕೆ ಹಿಡಿಯಿತು?

"ನೀನು ಇಂಜಿನಿಯರಲ್ವಾ, ನೀನೇ ಹೇಳು. ಮೂರು ತಿಂಗಳ ಹಿಂದೆ ಬಂದಾಗಲೂ ಅಲ್ಲೊಂದು ಬಾರ್ಜ್, ಅದರ ಮೇಲೊಂದು ಕ್ರೇನ್. ಈಗಲೂ ಅದೇ ಬಾರ್ಜ್, ಅದೇ ಕ್ರೇನ್. ಇವರು ಎಂತ ಮಾಡ್ತಾ ಇದಾರೆ?"

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಕಟ್ಟುತ್ತಿದ್ದ ದಿನಗಳಲ್ಲಿ, ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಹೋಗುವ ಲಾಂಚ್‌ನಲ್ಲಿ ನಿಂತು ನನ್ನ ಸೋದರಮಾವ ಕೇಳಿದ ಪ್ರಶ್ನೆ ಇದು. ಸುತ್ತ ನಿಂತಿದ್ದ ನಾಲ್ಕೈದು ಜನ ನನ್ನ ಮುಖ ನೋಡಿದರು. ಆ ಸೇತುವೆಯ ಕೆಲಸದಲ್ಲಿ ನಾನಿರಲಿಲ್ಲ. ನಾನು ದುಡಿದದ್ದೆಲ್ಲ ಬೇರೆ ಸೇತುವೆಗಳಲ್ಲಿ. ಆದರೆ ಮಾವನ ಮನೆ ಆಚೆ ದಡದ ತುಮರಿ ಕಡೆ, ಹಾಗಾಗಿ ವರ್ಷಕ್ಕೆ ಎರಡು ಮೂರು ಸಲ ಆ ಹೊಳೆ ದಾಟುತ್ತಿದ್ದೆ, ದಾಟುವಾಗೆಲ್ಲ ಕಂಬಗಳನ್ನು ನೋಡುತ್ತಿದ್ದೆ. ಅವತ್ತು ಲಾಂಚ್ ದಡ ಮುಟ್ಟುವುದರೊಳಗೆ ಪೂರ್ತಿ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಜನ ಆಚೆ ದಡದಲ್ಲಿ ಉಳಿದುಬಿಟ್ಟರು. ನಾಡಿಗೆ ಕರೆಂಟ್ ಬಂತು, ಇವರಿಗೆ ಲಾಂಚ್ ಬಂತು. ಹೆರಿಗೆ ನೋವು ಬಂದರೂ ಲಾಂಚ್, ಹಾವು ಕಚ್ಚಿದರೂ ಲಾಂಚ್, ಕಾಲೇಜಿಗೆ ಹೋಗುವ ಮಕ್ಕಳಿಗೂ ಲಾಂಚ್. ರಾತ್ರಿ ಕೊನೆಯ ಲಾಂಚ್ ಹೋದ ಮೇಲೆ ಕಾರ್ಗಲ್ ಕಡೆಯಿಂದ ಸುತ್ತು ಹಾಕಬೇಕಿತ್ತು, ಇಲ್ಲಾ ಬೆಳಗಾಗುವ ತನಕ ಕಾಯಬೇಕಿತ್ತು. ಈ ಜನ ದಶಕಗಟ್ಟಲೆ ಸೇತುವೆ ಕೇಳಿದರು. 2018ರಲ್ಲಿ ಶಂಕುಸ್ಥಾಪನೆ ಆಯಿತು, ಕೆಲಸ ಹಿಡಿದದ್ದು 2019ರ ಕೊನೆಗೆ, ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ರಾಷ್ಟ್ರೀಯ ಹೆದ್ದಾರಿ 369ಇ ಮೇಲಿನ ಈ ಸೇತುವೆಯ ಉದ್ದ 2.44 ಕಿಲೋಮೀಟರ್, ಅಗಲ 16 ಮೀಟರ್, ಖರ್ಚು ಸುಮಾರು 473 ಕೋಟಿ ರೂಪಾಯಿ.

ಈಗ ಮಾವನ ಪ್ರಶ್ನೆಗೆ ಬರುತ್ತೇನೆ. ಬಾರ್ಜ್ ಅಂದರೆ ಯಂತ್ರಗಳನ್ನು ಹೊತ್ತು ನೀರಿನ ಮೇಲೆ ತೇಲುವ ಚಪ್ಪಟೆ ದೋಣಿ. ಬಾರ್ಜ್ ಮೇಲಿನ ಕ್ರೇನ್ ತಿಂಗಳುಗಟ್ಟಲೆ ಒಂದೇ ಕಡೆ ನಿಂತಿದ್ದರೆ, ಸಾಮಾನ್ಯವಾಗಿ ಕೆಳಗೆ ಪೈಲ್ ಕೆಲಸ ನಡೆಯುತ್ತಿದೆ ಅಂತ ಅರ್ಥ. ಪೈಲ್ ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ. ನೀರಿನ ತಳದಲ್ಲಿ ಕೆಸರು, ಅದರ ಕೆಳಗೆ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಉಕ್ಕಿನ ದೊಡ್ಡ ಕೊಳವೆ ಇಳಿಸಿ, ಒಳಗಿನ ಮಣ್ಣು ತೆಗೆದು, ಬಂಡೆಯೊಳಕ್ಕೆ ಕೊರೆದು, ಕಂಬಿಯ ಪಂಜರ ಇಳಿಸಿ, ಕಾಂಕ್ರೀಟ್ ತುಂಬಬೇಕು. ನೀರಿನ ಮೇಲೆ ಕಾಣುವ ಸೇತುವೆಯ ಒಂದು ಕಂಬದ ಕೆಳಗೆ ಇಂಥ ಪೈಲುಗಳು ಹಲವು ಇರುತ್ತವೆ. ಬಂಡೆ ಗಟ್ಟಿಯಿದ್ದರೆ ದಿನವಿಡೀ ಕೊರೆದರೂ ಮೊಣಕಾಲುದ್ದ ಇಳಿಯದ ದಿನಗಳಿರುತ್ತವೆ. ಲಾಂಚ್‌ನಲ್ಲಿ ಹೋಗುವವರಿಗೆ ಇದ್ಯಾವುದೂ ಕಾಣುವುದಿಲ್ಲ.

ನೀರು ತುಂಬಿದ ಗುಂಡಿಗೆ ಕಾಂಕ್ರೀಟ್ ಹೇಗೆ ಹಾಕುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ಸುಮ್ನೆ ಮೇಲಿಂದ ಸುರಿದರೆ ಸಿಮೆಂಟ್ ತೊಳೆದುಹೋಗಿ ಜಲ್ಲಿ, ಮರಳು ಮಾತ್ರ ತಳಕ್ಕೆ ಸೇರುತ್ತದೆ. ಅದಕ್ಕೇ ಟ್ರೆಮಿ ಪೈಪ್. ಗೇಣಗಲದ ಉಕ್ಕಿನ ಪೈಪು, ತಲೆಯ ಮೇಲೊಂದು ದೊಡ್ಡ ಆಲಿಕೆ. ಪೈಪನ್ನು ಗುಂಡಿಯ ತಳದ ತನಕ ಇಳಿಸಿ ಕಾಂಕ್ರೀಟ್ ಬಿಡುತ್ತಾರೆ. ಅದು ತಳದಿಂದ ಏರುತ್ತಾ ಬರುತ್ತದೆ, ನೀರು ಅದರ ಮೇಲೆ ತೇಲುತ್ತಾ ಹೊರಗೆ ಚೆಲ್ಲುತ್ತದೆ. ಕಾಂಕ್ರೀಟ್ ಏರಿದ ಹಾಗೆ ಪೈಪನ್ನೂ ಸ್ವಲ್ಪ ಸ್ವಲ್ಪ ಮೇಲೆತ್ತಬೇಕು. ಒಂದೇ ಒಂದು ಷರತ್ತು: ಪೈಪಿನ ತುದಿ ಯಾವಾಗಲೂ ಕಾಂಕ್ರೀಟಿನೊಳಗೆ ಒಂದೂವರೆ ಎರಡು ಮೀಟರ್ ಹೂತಿರಬೇಕು. ಅದಕ್ಕೆ ಒಬ್ಬ ಮನುಷ್ಯ ತೂಕ ಕಟ್ಟಿದ ದಾರವನ್ನು ಗುಂಡಿಗೆ ಬಿಟ್ಟು, ಕಾಂಕ್ರೀಟ್ ಎಲ್ಲಿಗೆ ಬಂತು ಅಂತ ಪ್ರತಿ ಲೋಡಿಗೂ ಅಳೆದು ಕೂಗುತ್ತಿರುತ್ತಾನೆ. ಪೈಲ್ ಕೆಲಸದಲ್ಲಿ ನನಗೆ ಅತ್ಯಂತ ಗೌರವ ಇರುವುದು ಆ ದಾರ ಹಿಡಿದವನ ಮೇಲೆ.

ಯಾಕೆ ಅಂದರೆ ಆ ಅಳತೆ ತಪ್ಪಿದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಬಹಳ ವರ್ಷದ ಹಿಂದೆ, ಬೇರೊಂದು ನದಿಯ ಮೇಲೆ, ಮಳೆಯ ರಾತ್ರಿ. ಕಾಂಕ್ರೀಟ್ ತರುವ ಗಾಡಿ ದಾರಿಯಲ್ಲಿ ಹೂತು ತಡವಾಯಿತು. ಪೈಪ್ ಸಿಕ್ಕಿಕೊಳ್ಳುತ್ತದೆ ಅನ್ನುವ ಆತುರದಲ್ಲಿ ಅಳೆಯದೆ ಒಮ್ಮೆ ಜೋರಾಗಿ ಎತ್ತಿಬಿಟ್ಟರು, ತುದಿ ಹೊರಗೆ ಬಂತು, ನೀರು ಒಳಗೆ ಹೋಯಿತು. ಮೇಲಿಂದ ನೋಡಿದರೆ ಪೈಲ್ ಚೆನ್ನಾಗಿಯೇ ಇತ್ತು. ಪಂಜರದ ಜೊತೆ ಮೊದಲೇ ಇಳಿಸಿದ್ದ ಸಣ್ಣ ಕೊಳವೆಗಳಲ್ಲಿ ಶಬ್ದದ ಅಲೆ ಹಾಯಿಸಿ ಪರೀಕ್ಷೆ ಮಾಡಿದಾಗ, ಒಂದು ಆಳದಲ್ಲಿ ಅಲೆ ನಿಧಾನವಾಗಿ ಬಂತು. ಅಲ್ಲಿ ಗಟ್ಟಿ ಕಾಂಕ್ರೀಟ್ ಇರಲಿಲ್ಲ. ಆ ಪೈಲ್ ಕೈಬಿಟ್ಟು ಪಕ್ಕದಲ್ಲಿ ಎರಡು ಹೊಸದು ಇಳಿಸಿದೆವು, ಲೆಕ್ಕವೆಲ್ಲ ಹೊಸದಾಗಿ ಹಾಕಿದೆವು. ಮೂರು ತಿಂಗಳು ಹೋಯಿತು. ಆ ಮೂರು ತಿಂಗಳೂ ದಡದ ಮೇಲೆ ನಿಂತವರು "ಕೆಲಸ ನಿಂತಿದೆ" ಅಂತಲೇ ಹೇಳಿದರು. ನಮಗೆ ನಿದ್ದೆ ಇರಲಿಲ್ಲ. ಆ ಪರೀಕ್ಷೆ ಮಾಡದೆ ಮೇಲೆ ಕಂಬ ಕಟ್ಟಿದ್ದರೆ? ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ ಆಗುತ್ತದೆ.

ಹಿನ್ನೀರಿನಲ್ಲಿ ಇನ್ನೊಂದು ತೊಂದರೆ ಇದೆ. ನದಿಯಲ್ಲಾದರೆ ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಮರಳು ಕಾಣುತ್ತದೆ, ಕೆಲಸ ಮಾಡಬಹುದು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಮಳೆಗಾಲದ ಕೊನೆಗೆ ಅದರ ಹತ್ತಿರಕ್ಕೆ ಬರುತ್ತದೆ, ಆಮೇಲೆ ವಿದ್ಯುತ್ತಿಗೆ ನೀರು ಬಿಟ್ಟ ಹಾಗೆ ತಿಂಗಳು ತಿಂಗಳಿಗೂ ಇಳಿಯುತ್ತಾ ಹೋಗುತ್ತದೆ. ನೀರು ತೀರಾ ತಗ್ಗಿದ ವರ್ಷ ಹಿರೇಭಾಸ್ಕರದ ಹಳೆಯ ಅಣೆಕಟ್ಟೇ ತಲೆಯೆತ್ತುತ್ತದೆ. ಮಡೆನೂರು ಡ್ಯಾಂ ಅಂತ ಜನ ನೋಡಲು ಹೋಗುತ್ತಾರಲ್ಲ, ಅದೇ. (ಲಿಂಗನಮಕ್ಕಿ ಕಟ್ಟುವ ಮೊದಲು ಜೋಗದ ವಿದ್ಯುತ್ತಿಗೆ ನೀರು ಹಿಡಿದಿಟ್ಟಿದ್ದು ಅದು, ಅದರಲ್ಲಿ ಹೆಚ್ಚಾದ ನೀರನ್ನು ತಾನೇ ಹೊರಹಾಕುವ ಸೈಫನ್‌ಗಳನ್ನು ಒಮ್ಮೆ ಹತ್ತಿರ ಹೋಗಿ ನೋಡಿ.) ಇಷ್ಟು ಏರಿಳಿತ ಇರುವ ಕಡೆ ಬಾರ್ಜ್ ಕಟ್ಟುವ ಹಗ್ಗದಿಂದ ಹಿಡಿದು ಕಾಂಕ್ರೀಟ್ ಸಾಗಿಸುವ ದಾರಿಯ ತನಕ ಎಲ್ಲವನ್ನೂ ತಿಂಗಳಿಗೊಮ್ಮೆ ಹೊಸದಾಗಿ ಹೊಂದಿಸಬೇಕು. ಬೇಸಿಗೆಯಲ್ಲಿ ನೀರು ಇಳಿದು ಲಾಂಚ್‌ಗೆ ವಾಹನ ಹತ್ತಿಸುವುದು ನಿಂತಾಗ ಊರವರು ಪರದಾಡುತ್ತಿದ್ದರಲ್ಲ, ಬಾರ್ಜ್‌ಗೂ ಆಗ ಅದೇ ಕಷ್ಟ. ಜೂನ್ ಬಂದರೆ ಸಾಗರದ ಮಳೆ, ಅದನ್ನು ನಾನು ಮಲೆನಾಡಿನವರಿಗೆ ಹೇಳಬೇಕಾ? ಇದೆಲ್ಲದರ ನಡುವೆ 2020ರಲ್ಲಿ ಕೊರೊನಾ ಬಂತು, ಎಲ್ಲ ಸೈಟುಗಳಿಂದಲೂ ಕೆಲಸಗಾರರು ಊರಿಗೆ ಹೊರಟುಹೋದರು.

ಕಂಬ ನೀರಿನ ಮೇಲೆ ಬಂದ ಮೇಲೆ ನೋಡಲು ಚಂದ. ಕಂಬದ ತಲೆಯಿಂದ ಎರಡು ಕೈ ಎರಡೂ ಕಡೆಗೆ ಚಾಚಿಕೊಳ್ಳುತ್ತಾ ಹೋಗುತ್ತವೆ. ಒಂದು ತುಂಡು ಈ ಕಡೆ, ಒಂದು ತುಂಡು ಆ ಕಡೆ. ಎರಡು ಕೊಡ ತೂಗುವ ಅಡ್ಡೆಯ ಹಾಗೆ, ತೂಕ ಎರಡೂ ಕಡೆ ಸಮ ಇರಬೇಕು. ತುಂಡುಗಳನ್ನು ಅಲ್ಲೇ ಎರಕ ಹೊಯ್ಯಬಹುದು, ಇಲ್ಲವೇ ದಡದಲ್ಲಿ ಹೊಯ್ದು ತಂದು ಜೋಡಿಸಬಹುದು. ಪ್ರತಿ ತುಂಡನ್ನೂ ಒಳಗೆ ಉಕ್ಕಿನ ತಂತಿ ಎಳೆದು ಹಿಂದಿನ ತುಂಡಿಗೆ ಬಿಗಿಯುತ್ತಾರೆ. ಕೆಳಗಿನಿಂದ ಸೆಂಟ್ರಿಂಗ್ ಕೊಡಲು ಅಲ್ಲಿ ನೆಲವೇ ಇಲ್ಲ, ಅದಕ್ಕೇ ಈ ವಿಧಾನ. ಅಲ್ಲೇ ಎರಕ ಹೊಯ್ಯುವುದಾದರೆ ನನ್ನ ಅನುಭವದಲ್ಲಿ ಒಂದು ಜೋಡಿ ತುಂಡಿಗೆ ವಾರದಿಂದ ಹತ್ತು ದಿನ ಹಿಡಿಯುತ್ತದೆ, ಒಂದು ತುಂಡಿನ ಉದ್ದ ಮೂರು ನಾಲ್ಕು ಮೀಟರ್ ಅಷ್ಟೇ. ನೀವೇ ಲೆಕ್ಕ ಹಾಕಿ.

ಹಾಗೆ ಚಾಚಿದ ಕೈ ತುದಿಯಲ್ಲಿ ಬಾಗುತ್ತದೆ. ಎಷ್ಟು ಬಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ಎತ್ತರಿಸಿ ಕಟ್ಟುತ್ತಾರೆ. ಲೆವೆಲ್, ಅಂದರೆ ತುದಿಯ ಎತ್ತರ, ನೋಡುವುದು ಬೆಳಗಿನ ಜಾವ, ಬಿಸಿಲು ಬೀಳುವ ಮೊದಲು. ಬಿಸಿಲಿಗೆ ಮೇಲ್ಭಾಗ ಕಾದು ಹಿಗ್ಗಿದರೆ ತುದಿ ಇನ್ನಷ್ಟು ಕೆಳಗೆ ಬಾಗುತ್ತದೆ, ಆಗ ನೋಡಿದ ಲೆವೆಲ್ ನಂಬಲು ಬರುವುದಿಲ್ಲ. ಮಂಜು ಕವಿದ ಐದೂವರೆಗೆ, ಸ್ವೆಟರ್ ಹಾಕಿಕೊಂಡು, ಟಾರ್ಚ್ ಬೆಳಕಿನಲ್ಲಿ ಅಳತೆಯ ಕೋಲು (ಸ್ಟಾಫ್) ಹಿಡಿದು ನಿಂತ ಹುಡುಗನ ಕೈ ನಡುಗದ ಹಾಗೆ ನೋಡಿಕೊಳ್ಳುವುದೂ ಇಂಜಿನಿಯರಿನ ಕೆಲಸವೇ. ಕೊನೆಗೆ ಎರಡು ಕಂಬಗಳ ಕೈಗಳು ನಡುವೆ ಎದುರುಬದುರು ಬಂದಾಗ ಕೆಲವು ಸೆಂಟಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಎತ್ತರದಲ್ಲಿರುವ ತುದಿಯ ಮೇಲೆ ತೂಕ ಇಟ್ಟು, ಎರಡನ್ನೂ ಉಕ್ಕಿನ ತೊಲೆಯಿಂದ ಕಟ್ಟಿ, ತಂಪು ಹೊತ್ತಿನಲ್ಲಿ ನಡುವಿನ ಕೊನೆಯ ತುಂಡನ್ನು ಹೊಯ್ಯುತ್ತಾರೆ. ನನ್ನ ಮೊದಲ ಸೇತುವೆಯಲ್ಲಿ ಆ ತುಂಡು ಗಟ್ಟಿಯಾದ ಬೆಳಿಗ್ಗೆ, ಎರಡು ವರ್ಷ ಎದುರು ದಡದಲ್ಲಿ ದುಡಿದಿದ್ದ ಕಂಬಿ ಕಟ್ಟುವವರು ನಡೆದುಕೊಂಡು ಈಚೆ ಬಂದು ನಮ್ಮ ಜೊತೆ ಚಹಾ ಕುಡಿದರು. ಆ ಚಹಾದ ರುಚಿ ನಾನು ಮರೆತಿಲ್ಲ.

ಇನ್ನು ಸೇತುವೆಯ ಮೇಲೆ ಕಾಣುವ ಆ ಕೇಬಲ್‌ಗಳು. ಜನ ಇದನ್ನು ತೂಗುಸೇತುವೆ ಅಂತ ಕರೆಯುತ್ತಾರೆ, ಪತ್ರಿಕೆಗಳು ಕೇಬಲ್ ಸೇತುವೆ ಅಂತ ಬರೆಯುತ್ತವೆ. ನಿಜವಾದ ತೂಗುಸೇತುವೆ ಅಂದರೆ ಸುಳ್ಯದ ಗಿರೀಶ್ ಭಾರದ್ವಾಜರು ಹಳ್ಳಿಗಳಿಗೆ ಕಟ್ಟಿಕೊಟ್ಟಂಥದ್ದು: ದಡದಿಂದ ದಡಕ್ಕೆ ಜೋತುಬಿದ್ದ ಹಗ್ಗಕ್ಕೆ ದಾರಿಯನ್ನು ನೇತುಹಾಕುವುದು. ಬೆಂಗಳೂರಿನ ಕೆ.ಆರ್. ಪುರದಲ್ಲಿರುವುದು ಕೇಬಲ್ ಸೇತುವೆ, ಅಲ್ಲಿ ಎತ್ತರದ ಗೋಪುರದಿಂದ ನೇರ ಕೇಬಲ್‌ಗಳು ಬಂದು ದಾರಿಯನ್ನು ಎತ್ತಿ ಹಿಡಿಯುತ್ತವೆ. ಸಿಗಂದೂರಿನದ್ದು ಇವೆರಡೂ ಅಲ್ಲ, ಎಕ್ಸ್‌ಟ್ರಾಡೋಸ್ಡ್ ಅನ್ನುವ ಜಾತಿ. ಗೋಪುರ ಗಿಡ್ಡ, ಕೇಬಲ್ ಹೆಚ್ಚು ಮಲಗಿಕೊಂಡಿರುತ್ತದೆ, ದಾರಿಯ ಕೆಳಗಿನ ಟೊಳ್ಳು ಪೆಟ್ಟಿಗೆಯಂಥ ಕಾಂಕ್ರೀಟ್ ತೊಲೆಯೇ ಗಟ್ಟಿಯಾಗಿದ್ದು ಹೆಚ್ಚು ಭಾರ ತಾನೇ ಹೊರುತ್ತದೆ, ಕೇಬಲ್ ಅದಕ್ಕೆ ಹೆಗಲು ಕೊಡುತ್ತದೆ. ಕೋಲ್ಕತ್ತದ ನಿವೇದಿತಾ ಸೇತು ಇದೇ ಜಾತಿ, 2007ರಲ್ಲಿ ತೆರೆದದ್ದು, ಅಲ್ಲಿ 110 ಮೀಟರ್ ಅಂತರದ ಕಂಬಗಳಿಗೆ ಗೋಪುರದ ಎತ್ತರ ಬರೀ 14 ಮೀಟರ್. ಸಿಗಂದೂರಿಗೆ ಇದು ಸರಿಯಾದ ಆಯ್ಕೆ ಅಂತ ನನ್ನ ಅಭಿಪ್ರಾಯ. ಆಳದ ನೀರಿನಲ್ಲಿ ಕಂಬಗಳ ಸಂಖ್ಯೆ ಕಡಿಮೆ ಮಾಡಬಹುದು, ಗಾಳಿಮಳೆಯ ಜಾಗದಲ್ಲಿ ತೀರಾ ಎತ್ತರದ ಗೋಪುರವೂ ಬೇಡ.

ಸೇತುವೆ ತೆರೆದ ಮೇಲೆ ಎಲ್ಲರೂ ನಡುವೆ ನಿಂತು ಫೋಟೋ ತೆಗೆಯುತ್ತಾರೆ. ನಾನು ಮಾತ್ರ ತುದಿಗಳನ್ನು ನೋಡುತ್ತೇನೆ. ಸೇತುವೆ ಬಂಡೆಯ ಮೇಲೆ ಕೂತಿರುತ್ತದೆ, ಅದಕ್ಕೆ ಸೇರುವ ರಸ್ತೆ ತುಂಬಿದ ಮಣ್ಣಿನ ಮೇಲೆ. ಎರಡು ಮೂರು ಮಳೆಗಾಲಕ್ಕೆ ಮಣ್ಣು ಕುಸಿಯುತ್ತದೆ, ಸೇತುವೆ ಹತ್ತುವಾಗ ಧಡ್ ಅನ್ನುತ್ತದಲ್ವಾ, ಅದು ಇದೇ. ಆಮೇಲೆ ಎಕ್ಸ್‌ಪಾನ್ಷನ್ ಜಾಯಿಂಟ್. 100 ಮೀಟರ್ ಕಾಂಕ್ರೀಟ್ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 36 ಮಿಲಿಮೀಟರ್ ಉದ್ದವಾಗುತ್ತದೆ. ಆ ಹಿಗ್ಗುವಿಕೆಗೆ ಬಿಟ್ಟ ಸಂದಿಯಲ್ಲಿ ಕೆಂಪು ಮಣ್ಣು, ಜಲ್ಲಿ ತುಂಬಿಕೊಂಡರೆ ಸೇತುವೆಗೆ ಉಸಿರಾಡಲು ಜಾಗ ಇರುವುದಿಲ್ಲ.

ಇನ್ನೂ ದೊಡ್ಡದು, ಸೇತುವೆಯಿಂದ ಇಳಿದ ಗಾಡಿಗಳು ಎಲ್ಲಿಗೆ ಹೋಗುತ್ತವೆ ಅನ್ನುವುದು. ಬೆಂಗಳೂರಿನ ಹೆಬ್ಬಾಳದಲ್ಲಿ ಓಡಾಡಿದವರಿಗೆ ಇದು ಗೊತ್ತು. ಫ್ಲೈಓವರ್ ಮೇಲೆ ಸರಾಗವಾಗಿ ಬಂದ ಗಾಡಿಗಳು, ಹಲವು ದಾರಿ ಒಂದಾಗುವ ಜಾಗಕ್ಕೆ ಬಂದು ನಿಲ್ಲುತ್ತವೆ. ಅಲ್ಲಿ ಒಬ್ಬ ಎಡಕ್ಕೆ ಹೋಗಬೇಕು, ಪಕ್ಕದವನು ಬಲಕ್ಕೆ, ಇಬ್ಬರೂ ಒಬ್ಬರನ್ನೊಬ್ಬರು ಕತ್ತರಿಸಿಕೊಂಡು ದಾಟಬೇಕು. ಅದಕ್ಕೆ ಎಷ್ಟು ಉದ್ದದ ರಸ್ತೆ ಸಿಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೊಸ ಲೂಪ್‌ಗಳನ್ನು ಸೇರಿಸಲು ಹೊರಟದ್ದೂ ಅದಕ್ಕೇ. ಸಿಗಂದೂರಿನಲ್ಲಿ ಅಷ್ಟು ಗಾಡಿ ಇಲ್ಲ ನಿಜ. ಆದರೆ ಇಷ್ಟು ವರ್ಷ ಲಾಂಚ್ ಒಂದು ಬಾಗಿಲಿನ ಹಾಗಿತ್ತು, ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಈಗ ಆ ಬಾಗಿಲಿಲ್ಲ. ಸಿಗಂದೂರು ಚೌಡೇಶ್ವರಿಯ ಸಂಕ್ರಾಂತಿ ಜಾತ್ರೆಗೆ, ರಜೆಯ ಭಾನುವಾರಕ್ಕೆ ಬರುವ ಕಾರುಗಳೆಲ್ಲ ಒಟ್ಟಿಗೇ ಆಚೆ ದಡದ ಹಳ್ಳಿ ರಸ್ತೆಗೆ ಇಳಿಯುತ್ತವೆ. ಮಾವನ ಮನೆ ಮುಂದಿನ ತಿರುವಿನಲ್ಲಿ ಶಾಲೆ ಮಕ್ಕಳು ನಡೆಯುತ್ತಾರೆ. ಅಲ್ಲಿ ಪಕ್ಕಕ್ಕೆ ಒಂದು ಮೀಟರ್ ನಡೆಯುವ ಜಾಗ, ತಿರುವಿಗೆ ಮೊದಲು ಫಲಕ, ರಾತ್ರಿ ಕಾಣುವ ಬಿಳಿ ಗೆರೆ, ಇಷ್ಟು ಈಗಲೇ ಬೇಕು. ಪಂಚಾಯಿತಿಯವರು ಕೇಳಿದರೆ ನಕ್ಷೆ ಮಾಡಿಕೊಡಲು ನಾನು ತಯಾರಿದ್ದೇನೆ.

ಸೇತುವೆ ಮೇಲೆ ಮಾವನನ್ನು ಮೊದಲ ಸಲ ಕರೆದುಕೊಂಡು ಹೋದಾಗ, ನಡುವೆ ಕಾರು ನಿಲ್ಲಿಸುವ ಹಾಗಿಲ್ಲ ಅಂತ ನಾನು ಅಂದರೂ ಕೇಳದೆ, ನಿಧಾನ ಹೋಗು ಅಂತ ಮೂರು ಸಲ ಹೇಳಿದರು. ಕಿಟಕಿ ಇಳಿಸಿ ಕೆಳಗೆ ನೋಡುತ್ತಲೇ ಇದ್ದರು. ಆಚೆ ದಡ ಬಂದಾಗ ಕೇಳಿದರು, "ಆ ಬಾರ್ಜ್ ನಿಂತಿತ್ತಲ್ಲ, ಅದು ಯಾವ ಕಂಬ?" ನಾನು ಗಾಡಿ ತಿರುಗಿಸಿ ಮತ್ತೊಂದು ಸಲ ಹೋಗಿ ತೋರಿಸಿದೆ.